ಅಬು ನಿದಾಲ್: ರಾಜ್ಯಾಶ್ರಯದಲ್ಲಿ ಬೆಳೆದ ಭಯೋತ್ಪಾದಕ

ಅಬು ನಿದಾಲ್ ಎಂಬುದು ಸಬ್ರಿ ಅಲ್-ಬನ್ನಾ ಎಂಬಾತ ಧರಿಸಿದ ಹೆಸರು. 1937ರಲ್ಲಿ ಜಾಫಾ ನಗರದ ಸಿರಿವಂತ ಮನೆತನದಲ್ಲಿ ಈತ ಜನಿಸಿದ. ಕಿತ್ತಳೆ ತೋಟಗಳ ಒಡೆತನ ಹೊಂದಿದ್ದ ಆ ಕುಟುಂಬ 1948ರ ಯುದ್ಧದಲ್ಲಿ ಆಸ್ತಿ ಕಳೆದುಕೊಂಡು ನಿರಾಶ್ರಿತವಾಯಿತು. ಲಕ್ಷಾಂತರ ಪ್ಯಾಲೆಸ್ಟೀನಿಯರು ಇದೇ ಸಂಕಟವನ್ನು ಉಂಡರು. ಆದರೆ ಅವರೆಲ್ಲ ಕೊಲೆಗಡುಕರಾಗಲಿಲ್ಲ. ಆದುದರಿಂದ ಈತನ ಏಳಿಗೆಯ ಕಾರಣವನ್ನು ಈತನ ನೋವಿನಲ್ಲಿ ಮಾತ್ರವಲ್ಲ, ಈತನನ್ನು ಸಾಕಿದ ಸರ್ಕಾರಗಳಲ್ಲಿಯೂ ಹುಡುಕಬೇಕು.

ಯಾಸರ್ ಅರಾಫತ್ ನೇತೃತ್ವದ ಫತಾಹ್ ಸಂಘಟನೆಯ ಪ್ರತಿನಿಧಿಯಾಗಿ 1970ರಲ್ಲಿ ಈತ ಬಾಗ್ದಾದಿಗೆ ಬಂದ. ಅರಾಫತರ ಬಣ ಸಂಧಾನದ ಕಡೆ ವಾಲತೊಡಗಿದಾಗ, 1974ರಲ್ಲಿ ಸಿಡಿದು ಸ್ವಂತ ಗುಂಪು ಕಟ್ಟಿದ. ಫತಾಹ್ ಈತನಿಗೆ ಮರಣದಂಡನೆ ವಿಧಿಸಿತು. ಇರಾಕ್ ಹಣ, ಶಸ್ತ್ರ, ತರಬೇತಿಯ ನೆಲೆಗಳನ್ನು ಒದಗಿಸಿತು.

ಇಸ್ರೇಲಿನೊಡನೆ ಮಾತುಕತೆ ಬಯಸಿದ ಪ್ಯಾಲೆಸ್ಟೀನಿ ನಾಯಕರೇ ಈತನ ಗುಂಡಿಗೆ ಬಲಿಯಾದರು: 1978ರಲ್ಲಿ ಲಂಡನ್ನಿನಲ್ಲಿ ಸಯೀದ್ ಹಮ್ಮಾಮಿ, 1983ರಲ್ಲಿ ಪೋರ್ಚುಗಲ್ಲಿನಲ್ಲಿ ಇಸ್ಸಾಂ ಸರ್ತಾವಿ. 1982ರ ಜೂನ್ 3ರಂದು ಲಂಡನ್ನಿನಲ್ಲಿ ಇಸ್ರೇಲಿ ರಾಯಭಾರಿ ಶ್ಲೋಮೊ ಅರ್ಗೋವ್ ಅವರ ಮೇಲೆ ಈತನ ಗುಂಪು ಗುಂಡು ಹಾರಿಸಿತು. ಮೂರೇ ದಿನಗಳಲ್ಲಿ ಇಸ್ರೇಲ್ ಸೇನೆ ಲೆಬನಾನಿಗೆ ನುಗ್ಗಿತು. ಅದರ ಗುರಿ, ಅಬು ನಿದಾಲ್‌ನ ವೈರಿಯೇ ಆಗಿದ್ದ ಅರಾಫತರ ಸಂಘಟನೆ!

ಇರಾಕ್ ಹೊರದೂಡಿದ ಬಳಿಕ ಸಿರಿಯಾ, ಅನಂತರ ಲಿಬಿಯಾ ಈತನಿಗೆ ಆಸರೆಯಾದವು. 1985ರ ಡಿಸೆಂಬರ್ 27ರಂದು ರೋಮ್ ಮತ್ತು ವಿಯೆನ್ನಾ ವಿಮಾನ ನಿಲ್ದಾಣಗಳಲ್ಲಿ ಗುಂಡಿನ ಮಳೆ ಸುರಿಯಿತು. 1986ರ ಸೆಪ್ಟೆಂಬರ್ 5ರಂದು, ಮುಂಬಯಿಯಿಂದ ಹೊರಟಿದ್ದ ಪ್ಯಾನ್ ಆಮ್ ವಿಮಾನವನ್ನು ಕರಾಚಿಯಲ್ಲಿ ಈತನ ಗುಂಪಿನವರು ಅಪಹರಿಸಿದರು. ಪ್ರಯಾಣಿಕರನ್ನು ಪಾರುಮಾಡುತ್ತ ಪ್ರಾಣತೆತ್ತ ನೀರಜಾ ಭನೋಟ್ ಅವರಿಗೆ ಆಗ 22 ವರ್ಷ.

ಸರ್ಕಾರಗಳಿಗೆ ಇಂಥವನಿಂದ ಪ್ರಯೋಜನವೇನು? ಯುದ್ಧ ಸಾರದೆಯೇ ವೈರಿಯನ್ನು ಹೊಡೆಯಬಹುದು. ಸಿಕ್ಕಿಬಿದ್ದರೆ ತಮಗೆ ಸಂಬಂಧವಿಲ್ಲವೆಂದು ಕೈತೊಳೆದುಕೊಳ್ಳಬಹುದು. ಆದರೆ ನಿರ್ಬಂಧಗಳ ಭಾರ ಹೆಚ್ಚಿದಂತೆ ಅದೇ ಆಶ್ರಿತ ಹೊರೆಯಾಗುತ್ತಾನೆ. ಲಿಬಿಯಾದಲ್ಲಿ ಆದದ್ದು ಇದೇ. ಅಷ್ಟರಲ್ಲಿ ಅಬು ನಿದಾಲ್, ಗೂಢಚಾರರೆಂಬ ಶಂಕೆಯಿಂದ ತನ್ನ ನೂರಾರು ಅನುಯಾಯಿಗಳನ್ನೇ ಕೊಲ್ಲಿಸಿ ಗುಂಪನ್ನು ಬರಿದು ಮಾಡಿದ್ದ.

2002ರ ಆಗಸ್ಟಿನಲ್ಲಿ ಬಾಗ್ದಾದಿನಲ್ಲಿ ಗುಂಡೇಟಿನಿಂದ ಸತ್ತ. ಅದು ಆತ್ಮಹತ್ಯೆಯೆಂದು ಇರಾಕ್ ಸಾರಿತು, ನಂಬದವರು ಹಲವರಿದ್ದರು. ಈತನ ಹೆಸರಿನಲ್ಲಿ ಸುಮಾರು 20 ದೇಶಗಳಲ್ಲಿ ನೆತ್ತರು ಹರಿದಿತ್ತು. ಈತನನ್ನು ಸಾಕಿದ ಆಡಳಿತಗಾರರಲ್ಲಿ ಒಬ್ಬರೂ ಆ ಸಾವುಗಳಿಗಾಗಿ ನ್ಯಾಯಾಲಯದ ಕಟಕಟೆ ಏರಲಿಲ್ಲ.