ದೇಹದ ಗಾತ್ರ ಇಳಿದರೂ ತೂಕ ಏರುವುದೇಕೆ? – ಸಾರ್ವಜನಿಕ ಮಾಹಿತಿ

ನಡಿಗೆ, ವ್ಯಾಯಾಮ ಹಾಗೂ ಆಹಾರ ನಿಯಂತ್ರಣವನ್ನು ಆರಂಭಿಸಿದ ಅನೇಕ ನಾಗರಿಕರು ಕೆಲವು ತಿಂಗಳುಗಳ ತರುವಾಯ ಗೊಂದಲಕ್ಕೆ ಒಳಗಾಗುವುದುಂಟು. ರವಿಕೆ ಅಥವಾ ಪ್ಯಾಂಟು ಸಡಿಲವಾಗಿರುತ್ತದೆ. ಆದರೆ ತೂಕದ ಯಂತ್ರವು ಮೊದಲಿಗಿಂತ ಅರ್ಧ ಅಥವಾ ಒಂದು ಕಿಲೋಗ್ರಾಂ ಹೆಚ್ಚು ತೋರಿಸುತ್ತದೆ. ಇದರಿಂದ ನಿರಾಶರಾಗಿ ವ್ಯಾಯಾಮವನ್ನೇ ನಿಲ್ಲಿಸುವವರೂ, ಊಟ ಬಿಡುವವರೂ ಇದ್ದಾರೆ. ಸೊಂಟದ ಸುತ್ತಳತೆ ಇಳಿಯುತ್ತಿದ್ದು, ಕೆಳಗೆ ತಿಳಿಸಿರುವ ಅಪಾಯದ ಲಕ್ಷಣಗಳು ಇಲ್ಲದಿದ್ದಲ್ಲಿ, ಈ ಎರಡೂ ಕ್ರಮಗಳು ಅನಗತ್ಯ.

ತೂಕದ ಯಂತ್ರ ತಿಳಿಸುವುದೇನು?

ಮೂಳೆ, ಸ್ನಾಯು, ಕೊಬ್ಬು, ನೀರು, ಹೊಟ್ಟೆಯಲ್ಲಿರುವ ಆಹಾರ ಇವೆಲ್ಲದರ ಒಟ್ಟು ಮೊತ್ತವನ್ನು ಮಾತ್ರ ತೂಕದ ಯಂತ್ರವು ತೋರಿಸುತ್ತದೆ. ಲೆಕ್ಕಪುಸ್ತಕದ ಕೊನೆಯ ಮೊತ್ತವನ್ನಷ್ಟೇ ನೋಡಿದವರಿಗೆ ಯಾವ ಬಾಬ್ತಿನಲ್ಲಿ ಜಮಾ ಆಯಿತು, ಯಾವ ಬಾಬ್ತಿನಲ್ಲಿ ಖರ್ಚಾಯಿತು ಎಂಬುದು ತಿಳಿಯುವುದಿಲ್ಲ, ಇಲ್ಲಿಯೂ ಹಾಗೆಯೇ.

ಸ್ನಾಯುವಿಗಿಂತ ಕೊಬ್ಬು ಭಾರ ಎಂದಾಗಲಿ, ಕೊಬ್ಬಿಗಿಂತ ಸ್ನಾಯು ಭಾರ ಎಂದಾಗಲಿ ಹೇಳುವುದು ಸರಿಯಲ್ಲ. ಯಾವುದರ ಕಿಲೋ ಆದರೂ ಕಿಲೋವೇ. ವ್ಯತ್ಯಾಸವಿರುವುದು ಅವು ಆಕ್ರಮಿಸುವ ಜಾಗದಲ್ಲಿ. ಒಂದು ಮಿಲಿಲೀಟರ್ ಕೊಬ್ಬಿನ ತೂಕ ಸುಮಾರು 0.9 ಗ್ರಾಂ, ಅಷ್ಟೇ ಸ್ನಾಯುವಿನ ತೂಕ ಸುಮಾರು 1.06 ಗ್ರಾಂ. ಉದಾಹರಣೆಗೆ, ಒಬ್ಬರ ದೇಹದಲ್ಲಿ 4 ಕಿಲೋ ಕೊಬ್ಬು ಕರಗಿ 4.5 ಕಿಲೋ ಸ್ನಾಯು ಬೆಳೆಯಿತು ಎಂದಿಟ್ಟುಕೊಂಡರೆ, ಸುಮಾರು 4.4 ಲೀಟರ್ ಹೋಗಿ 4.2 ಲೀಟರ್ ಬಂದಂತಾಗುತ್ತದೆ. ತೂಕ ಅರ್ಧ ಕಿಲೋ ಏರಿದರೂ ಗಾತ್ರ ಸುಮಾರು 200 ಮಿಲಿಲೀಟರ್ ಇಳಿಯುತ್ತದೆ. (ಇದು ಲೆಕ್ಕ ತಿಳಿಯಲು ಮಾತ್ರ; ಇಷ್ಟು ಸ್ನಾಯು ಬೆಳೆಯಲು ಅನೇಕ ತಿಂಗಳುಗಳೇ ಬೇಕು.)

ಆದರೆ 200 ಮಿಲಿಲೀಟರ್ ಎಂದರೆ ಒಂದು ಲೋಟ ನೀರಿನಷ್ಟು. ಅಷ್ಟರಿಂದಲೇ ಪ್ಯಾಂಟು ಸಡಿಲವಾಗುವುದಿಲ್ಲ. ಮುಖ್ಯ ಕಾರಣ ಸ್ಥಳದ ಬದಲಾವಣೆ. ಕೊಬ್ಬು ಹೊಟ್ಟೆಯ ಸುತ್ತ ಒಂದೆಡೆ ಶೇಖರವಾಗಿರುತ್ತದೆ. ಸ್ನಾಯುವಾದರೋ ತೊಡೆ, ಬೆನ್ನು, ಭುಜ, ತೋಳುಗಳಲ್ಲಿ ಹಂಚಿಹೋಗಿ ಬೆಳೆಯುತ್ತದೆ. ಹೀಗಾಗಿ ಸೊಂಟದ ಅಳತೆ ಇಳಿದದ್ದು ಕಾಣುತ್ತದೆ, ಬೇರೆಡೆ ಸೇರಿದ್ದು ಅಷ್ಟಾಗಿ ಕಾಣುವುದಿಲ್ಲ.

ವ್ಯಾಯಾಮದ ಮೊದಲ ಒಂದೆರಡು ವಾರಗಳಲ್ಲಿ ಏರುವ ತೂಕವು ಸ್ನಾಯುವಿನದಲ್ಲ, ಬಹುಮಟ್ಟಿಗೆ ನೀರಿನದು. ದುಡಿಯುವ ಸ್ನಾಯುಗಳು ಗ್ಲೈಕೋಜನ್ ಎಂಬ ಸಕ್ಕರೆಯ ಅಂಶವನ್ನು ಶೇಖರಿಸಿಕೊಳ್ಳುತ್ತವೆ. ಅದರ ಪ್ರತಿ ಗ್ರಾಂನೊಂದಿಗೆ ಸುಮಾರು 3 ಗ್ರಾಂ ನೀರು ಉಳಿಯುತ್ತದೆ.

ತೂಕದ ಪಟ್ಟಿಯನ್ನೇ ನಂಬಿದರೆ

1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಹ್ನ್ಕೆ ಮತ್ತು ಅವರ ಸಹೋದ್ಯೋಗಿ 25 ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದರು. ಅಂದಿನ ಎತ್ತರ–ತೂಕದ ಪಟ್ಟಿಯಂತೆ ಅವರಲ್ಲಿ 17 ಮಂದಿ ಸೇನಾ ಸೇವೆಗೆ ಅನರ್ಹರಾಗಿದ್ದರು. ನೀರಿನಲ್ಲಿ ಮುಳುಗಿಸಿ ತೂಗಿ ನೋಡಿದಾಗ, ಈ 17 ಮಂದಿಯಲ್ಲಿ ಹೆಚ್ಚಿನವರ ದೇಹದಲ್ಲಿ ಕೊಬ್ಬು ಕಡಿಮೆಯೇ ಇತ್ತು.

ಇದರ ವಿರುದ್ಧ ಸ್ಥಿತಿ ಭಾರತೀಯರಿಗೆ ಹೆಚ್ಚು ಅನ್ವಯಿಸುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಅಳತೆಗಳನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ತಿಳಿಸುವ ದೇಹ ತೂಕ ಸೂಚ್ಯಂಕವು ಇಬ್ಬರಿಗೂ 22.3, ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಆದುದರಿಂದ ತೂಕ ಸರಿಯಿದೆ ಎಂಬ ಕಾರಣಕ್ಕೆ ಹೊಟ್ಟೆಯ ಬೊಜ್ಜನ್ನು ಅಲಕ್ಷಿಸುವುದು ತರವಲ್ಲ. ಹೊಟ್ಟೆಯೊಳಗಿನ ಕೊಬ್ಬು ಮಧುಮೇಹ ಮತ್ತು ಹೃದ್ರೋಗಗಳ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ಸೊಂಟದ ಸುತ್ತಳತೆ

30 ವರ್ಷ ಮೇಲ್ಪಟ್ಟವರಿಗಾಗಿ ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಭರ್ತಿ ಮಾಡುವ ಅಸಾಂಕ್ರಾಮಿಕ ರೋಗಗಳ ಪರಿಶೀಲನಾ ಪಟ್ಟಿಯಲ್ಲಿ ಅಂಕ ನಿಗದಿಯಾಗಿರುವುದು ತೂಕಕ್ಕಲ್ಲ, ಸೊಂಟದ ಸುತ್ತಳತೆಗೆ. ಮಹಿಳೆಯರಿಗೆ 80 ಸೆಂ.ಮೀ., ಪುರುಷರಿಗೆ 90 ಸೆಂ.ಮೀ. ಮೀರಿದಲ್ಲಿ ಒಂದು ಅಂಕ. ಕ್ರಮವಾಗಿ 90 ಮತ್ತು 100 ಮೀರಿದಲ್ಲಿ ಎರಡು ಅಂಕ. ವಯಸ್ಸು, ತಂಬಾಕು ಮುಂತಾದವುಗಳ ಅಂಕಗಳೂ ಸೇರಿ ಒಟ್ಟು ನಾಲ್ಕನ್ನು ಮೀರಿದವರನ್ನು ತಪಾಸಣೆಗೆ ಆದ್ಯತೆಯ ಮೇರೆಗೆ ಕಳುಹಿಸಲಾಗುತ್ತದೆ.

ಪ್ಯಾಂಟಿನ ನಂಬರು ಸೊಂಟದ ಅಳತೆಯಲ್ಲ. ಹೊಟ್ಟೆಯ ಕೆಳಗೆ ಪ್ಯಾಂಟು ಕಟ್ಟುವವರಲ್ಲಿ ಈ ತಪ್ಪು ಗ್ರಹಿಕೆ ಸಾಮಾನ್ಯ. ಕೊನೆಯ ಪಕ್ಕೆಲುಬು ಹಾಗೂ ಸೊಂಟದ ಮೂಳೆಯ ಮೇಲ್ತುದಿ ಇವುಗಳ ನಡುಮಧ್ಯದಲ್ಲಿ, ಸಹಜವಾಗಿ ಉಸಿರು ಬಿಟ್ಟ ನಂತರ, ಹೊಟ್ಟೆಯನ್ನು ಎಳೆದುಕೊಳ್ಳದೆ, ಟೇಪನ್ನು ಬಿಗಿಯದೆ ಅಳೆಯತಕ್ಕದ್ದು. ತಿಂಗಳಿಗೊಮ್ಮೆ ಒಂದೇ ವೇಳೆಯಲ್ಲಿ ಅಳೆದರೆ ಸಾಕು.

ಎಚ್ಚರಿಕೆ

ಎಲ್ಲ ತೂಕ ಏರಿಕೆಯೂ ಸ್ನಾಯುವಿನದೆಂದು ಭಾವಿಸಬಾರದು. ಕೆಲವೇ ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚು ತೂಕ ಏರಿ, ಪಾದ ಅಥವಾ ಮುಖ ಊದಿಕೊಂಡಲ್ಲಿ, ಮಲಗಿದಾಗ ಉಸಿರುಕಟ್ಟಿದಂತಾದಲ್ಲಿ, ಅದು ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ದೇಹದಲ್ಲಿ ನಿಂತ ನೀರಾಗಿರಬಹುದು. ಕೈಕಾಲು ಸಣಕಲಾಗುತ್ತ ಹೊಟ್ಟೆ ಮಾತ್ರ ಉಬ್ಬುತ್ತಿದ್ದರೆ ಯಕೃತ್ತಿನ ಕಾಯಿಲೆ ಇರುವ ಸಾಧ್ಯತೆಯೂ ಉಂಟು. ಇಂಥವರು ಮುಂದಿನ ತಿಂಗಳ ಅಳತೆಗೆ ಕಾಯದೆ ವೈದ್ಯರನ್ನು ಕಾಣತಕ್ಕದ್ದು. ಗರ್ಭಿಣಿಯರಿಗೆ ಮೇಲಿನ ಅಳತೆಗಳು ಅನ್ವಯಿಸುವುದಿಲ್ಲ.

ರಕ್ತದೊತ್ತಡ ಹಾಗೂ ರಕ್ತದ ಸಕ್ಕರೆ ತಪಾಸಣೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಲಭ್ಯವಿದೆ. ತಪಾಸಣೆಗೆ ಬರುವವರು ದಿನಾಂಕ, ಸೊಂಟದ ಸುತ್ತಳತೆ ಮತ್ತು ತೂಕವನ್ನು ಒಂದೇ ಹಾಳೆಯಲ್ಲಿ ಬರೆದು ತಂದಲ್ಲಿ ವೈದ್ಯರಿಗೆ ಅನುಕೂಲವಾಗುತ್ತದೆ.