ಮೂತ್ರಪಿಂಡ ದಾನ: ಮಂಡ್ಯ ಸೀಮೆಯ ಚರಿತ್ರೆ ಮತ್ತು ಹಿರಿಯ ದಾನಿಗಳು

ಕಬ್ಬು, ಬೆಲ್ಲ, ಕಾವೇರಿ ನಾಲೆಗಳಿಂದ ಹೆಸರಾದ ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಆಧುನಿಕ ವೈದ್ಯಕೀಯ ಚರಿತ್ರೆಯ ಒಂದು ಕಹಿ ಅಧ್ಯಾಯದಲ್ಲಿಯೂ ಸ್ಥಾನವಿದೆ. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡಿದ್ದ ಮೂತ್ರಪಿಂಡ ಮಾರಾಟವನ್ನು ಕುರಿತು ಕಳೆದ ಶತಮಾನದ ಕೊನೆಯಿಂದ 2000ದ ದಶಕದ ಆರಂಭದವರೆಗೆ ಪ್ರಕಟವಾದ ವರದಿಗಳಲ್ಲಿ ಈ ಊರುಗಳ ಹೆಸರು ಕಾಣಿಸಿಕೊಂಡಿತು. ಮಾರಿದವರು ಸಾಲದಲ್ಲಿ ಸಿಲುಕಿದ ಬಡವರು. ಚೆನ್ನೈಯಲ್ಲಿ 305 ಮಂದಿ ಮಾರಾಟಗಾರರನ್ನು ಸಂದರ್ಶಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೇ. 96ರಷ್ಟು ಜನ ಸಾಲ ತೀರಿಸಲೆಂದೇ ಮಾರಿದ್ದರು. ಆದರೆ ಅನಂತರ ಕುಟುಂಬದ ಆದಾಯ ಸರಾಸರಿ ಮೂರನೆಯ ಒಂದು ಭಾಗದಷ್ಟು ಕುಸಿದಿತ್ತು.

ಈ ಕುಸಿತಕ್ಕೂ ಶಸ್ತ್ರಚಿಕಿತ್ಸೆಯ ವಿಧಾನಕ್ಕೂ ಸಂಬಂಧವಿರಬೇಕು. ಆಗಿನ ತೆರೆದ ವಿಧಾನದಲ್ಲಿ ಪಕ್ಕೆಯನ್ನು ಉದ್ದಕ್ಕೆ ಸೀಳಿ, ಕೆಲವೊಮ್ಮೆ ಕೊನೆಯ ಪಕ್ಕೆಲುಬಿನ ತುಂಡನ್ನೂ ತೆಗೆಯಬೇಕಾಗುತ್ತಿತ್ತು. ಕಬ್ಬಿನ ಹೊರೆ ಹೊರುವ ದೇಹಕ್ಕೆ ಇದು ಸಣ್ಣ ಗಾಯವಲ್ಲ.

1994ರ ಮಾನವ ಅಂಗಾಂಗ ಕಸಿ ಕಾಯಿದೆ ಅಂಗಗಳ ವ್ಯಾಪಾರವನ್ನು ಅಪರಾಧವೆಂದು ಸಾರಿತು. ಮಮತೆಯ ಕಾರಣದಿಂದ ಪರರೂ ದಾನ ಮಾಡಬಹುದೆಂಬ ಅವಕಾಶವು ದಲ್ಲಾಳಿಗಳಿಗೆ ಕಿಂಡಿಯಾಯಿತೆಂಬುದು ನಿಜ. ಆದರೂ ದಾನದ ಹೊಣೆ ಕ್ರಮೇಣ ಮನೆಯವರ ಮೇಲೆ, ಅದರಲ್ಲೂ ಹೆಂಗಸರ ಮೇಲೆ ಬಿತ್ತು. ರೋಗಿ ನಡುವಯಸ್ಸಿನವನಾದರೆ ದಾನಿಯಾದ ತಾಯಿ ಅರುವತ್ತರ ಆಸುಪಾಸಿನವಳು.

ಇಂಥವರಿಗೆ ಅನುಕೂಲವಾದ ಮಾರ್ಗ ತೆರೆದದ್ದು 1995ರಲ್ಲಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ರ‍್ಯಾಟ್ನರ್ ಮತ್ತು ಕವೂಸಿ ಎಂಬ ವೈದ್ಯರು ಲ್ಯಾಪರೊಸ್ಕೋಪಿಯಿಂದ ದಾನಿಯ ಮೂತ್ರಪಿಂಡವನ್ನು ಹೊರತೆಗೆದರು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉಪಕರಣಗಳನ್ನು ಇಳಿಸಿ, ಕೊನೆಗೆ ಅಂಗವನ್ನು ಕಿಬ್ಬೊಟ್ಟೆಯ ಚಿಕ್ಕ ಸೀಳಿನಿಂದ ತೆಗೆಯುವ ಕ್ರಮವಿದು. ರಕ್ತನಾಳ ಉದ್ದವಿರುವುದರಿಂದ ಸಾಮಾನ್ಯವಾಗಿ ಎಡಗಡೆಯದನ್ನೇ ಆರಿಸುತ್ತಾರೆ. ಪಕ್ಕೆಯ ಗಾಯದ ನೋವಿನಿಂದ ವೃದ್ಧರು ದೀರ್ಘವಾಗಿ ಉಸಿರೆಳೆಯಲಾರರು, ಕೆಮ್ಮಲಾರರು. ಹೊಸ ವಿಧಾನದಲ್ಲಿ ಬೇಗ ಎದ್ದು ನಡೆದಾಡಬಲ್ಲರು. ಆದರೆ ಅನಿಲದ ಒತ್ತಡ ಹೃದಯ, ಶ್ವಾಸಕೋಶಗಳ ಮೇಲೆ ಬೀಳುವುದರಿಂದ ಅವುಗಳ ಪೂರ್ವಪರೀಕ್ಷೆ ಅನಿವಾರ್ಯ.

ವಯಸ್ಸಾದಂತೆ ಮೂತ್ರಪಿಂಡದ ಶೋಧನಶಕ್ತಿ ಕುಗ್ಗುತ್ತದೆ. ಉಳಿದ ಒಂದು, ಯುವಕರಲ್ಲಿ ಹಿಗ್ಗುವಷ್ಟು ಹಿಗ್ಗುವುದಿಲ್ಲ. ಹಾಗೆಂದು ಅಪಾಯವೆಲ್ಲ ಮುಪ್ಪಿನದೇ ಎನ್ನುವಂತಿಲ್ಲ. ಒಂದೇ ಮೂತ್ರಪಿಂಡದಲ್ಲಿ ಹಲವು ದಶಕ ಬಾಳಬೇಕಾದವನು ತರುಣ ದಾನಿ. ಆ ಅವಧಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಅವನಿಗೆ ಬರಬಹುದು. ಈ ದೃಷ್ಟಿಯಿಂದ, ಇಪ್ಪತ್ತೈದರ ಕೂಲಿಕಾರ ಮಾರಿಕೊಂಡದ್ದು ಅರುವತ್ತರ ತಾಯಿ ಕೊಟ್ಟದ್ದಕ್ಕಿಂತ ಹೆಚ್ಚು ದುಬಾರಿಯಾದದ್ದು.

ದಾನಿಗೆ 18 ವರ್ಷ ತುಂಬಿರಬೇಕೆನ್ನುವ ಕಾಯಿದೆ ಗರಿಷ್ಠ ವಯಸ್ಸನ್ನು ಹೇಳಿಲ್ಲ. 2011ರ ತಿದ್ದುಪಡಿಯು ಅಜ್ಜ, ಅಜ್ಜಿಯರನ್ನೂ ಹತ್ತಿರದ ಬಂಧುಗಳ ಪಟ್ಟಿಗೆ ಸೇರಿಸಿತು.