ಗುಮಾಸ್ತನ ವ್ಯಾಸಂಗ
1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿಯು ಕೆನರಾ ಬ್ಯಾಂಕಾಗಿ ಬೆಳೆದ ಆ ಕರಾವಳಿಯಲ್ಲಿ, ಗುಮಾಸ್ತನಾಗಿ ಸೇರಿ ಜಮಾ-ಖರ್ಚಿನಲ್ಲಿಯೇ ಆಯುಷ್ಯವನ್ನು ಸವೆಸಬೇಕಾಗಿದ್ದ ತರುಣನಿಗೆ, 1928ರಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ಸಂಸ್ಥೆಯ ಪರೀಕ್ಷೆಗಳು ಹೊಸದೊಂದು ದ್ವಾರವನ್ನು ತೆರೆದುವು. ಹಗಲೆಲ್ಲ ಲೆಡ್ಜರು ಬರೆದು, ಸಂಜೆ ದಿನದ ಲೆಕ್ಕ ತಾಳೆಯಾದ ಮೇಲೆ, ಲೆಕ್ಕಶಾಸ್ತ್ರವನ್ನೂ ಅರ್ಥಶಾಸ್ತ್ರವನ್ನೂ ಹುಂಡಿ-ಚೆಕ್ಕುಗಳನ್ನು ಕುರಿತ 1881ರ ಕಾಯಿದೆಯನ್ನೂ ಮನನ ಮಾಡುತ್ತಿದ್ದ ಆತನ ವ್ಯಾಸಂಗಕ್ಕೆ ಬಹುಮಟ್ಟಿಗೆ ಗುರುವೂ ತಾನೇ, ಶಿಷ್ಯನೂ ತಾನೇ. ಉತ್ತೀರ್ಣನಾದವನಿಗೆ ವೇತನವೃದ್ಧಿ ದೊರೆಯುತ್ತಿದ್ದುದೂ ಉಂಟು. ಆದರೆ, ನನ್ನ ಮತದಲ್ಲಿ, ತಾನು ಯಾಂತ್ರಿಕವಾಗಿ ಮಾಡುತ್ತಿದ್ದ ಕಾರ್ಯದ ಹಿಂದಿನ ನ್ಯಾಯವು ಗೋಚರವಾದುದೇ ಮಿಗಿಲಾದ ಲಾಭ. 1969ರ ರಾಷ್ಟ್ರೀಕರಣದ ತರುವಾಯ ಶಾಖೆಗಳು ಹಳ್ಳಿಗಳಿಗೂ ಹಬ್ಬಲಾಗಿ, ವ್ಯವಸ್ಥಾಪಕನಾಗಿದ್ದ ಅದೇ ಗುಮಾಸ್ತನು, ಯಾವ ಪಠ್ಯದಲ್ಲಿಯೂ ಓದಿರದ ಬೆಳೆಸಾಲದ ಮರ್ಮವನ್ನು ರೈತರ ಜಗುಲಿಯಲ್ಲಿ ಕುಳಿತು ಕಲಿಯಬೇಕಾಯಿತು.